ಹೊಳಪು ಬೇರೆ, ಕಾಪು ಬೇರೆ: ಕಲಬುರಗಿ ಬಿಸಿಲಿಗೆ ಮಬ್ಬಾದ ಹೆಡ್‌ಲೈಟು

ಹೆಡ್‌ಲೈಟಿನ ಪ್ಲಾಸ್ಟಿಕ್ಕು ಹಳದಿ ತಿರುಗಿ ಮಬ್ಬು ಹಿಡಿದ ಗಾಡಿ ನಿಮ್ಮಲ್ಲಿದ್ದರೆ, ಅದಕ್ಕೆ ಏನನ್ನೂ ಹಚ್ಚುವ ಮೊದಲು ಒಂದು ಚೊಂಬು ನೀರು ಸುರಿದು ನೋಡಿ. ನೀರು ಹರಿಯುವಷ್ಟು ಹೊತ್ತು ಒಳಗಿನ ಬಲ್ಬು, ಬೆಳ್ಳಿ ಬಣ್ಣದ ರಿಫ್ಲೆಕ್ಟರು ಸ್ಪಷ್ಟವಾಗಿ ಕಂಡು, ಒಣಗುತ್ತಲೇ ಮತ್ತೆ ಮಸುಕಾದರೆ ಮಬ್ಬು ಹೊರಮೈಯಲ್ಲಿದೆ ಎಂದು ಅರ್ಥ. ಅದನ್ನು ತೆಗೆಯಬಹುದು. ನೀರು ಬಿದ್ದರೂ ಮಸುಕು ಹಾಗೇ ಇದ್ದರೆ ಮಬ್ಬು ಒಳಮೈಯಲ್ಲಿದೆ, ಇಲ್ಲವೇ ಬಿರುಕು ಆಳಕ್ಕೆ ಇಳಿದಿದೆ. ಆಗ ಮೇಲಿನಿಂದ ಎಷ್ಟು ತಿಕ್ಕಿದರೂ ಉಪಯೋಗವಿಲ್ಲ, ಹೊಸ ಲೈಟು ಹಾಕಿಸುವುದೇ ದಾರಿ.

ನನ್ನ ಗಾಡಿಗೆ ಈ ಪರೀಕ್ಷೆ ಮಾಡಿದವರು ಕಪನೂರ ಕಡೆ ಡೆಂಟಿಂಗ್-ಪೇಂಟಿಂಗ್ ಶೆಡ್ ಇಟ್ಟುಕೊಂಡಿರುವ ಒಬ್ಬ ಹಿರಿಯರು. ಸುತ್ತಲಿನವರೆಲ್ಲ ಅವರನ್ನು ಚಾಚಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ನೀರು ಸುರಿದು, ಬಗ್ಗಿ ನೋಡಿ, ಉಗುರಿನಿಂದ ಒಂದು ಮೂಲೆ ಕೆರೆದು, "ಮಾಸ್ತರ, ನಸೀಬ ಛಲೋ ಅದ ನಿಮ್ದು. ಮಬ್ಬು ಮ್ಯಾಲಿಂದ ಮ್ಯಾಲೇ ಅದ. ಹೊಸಾದು ತರೋದು ಬ್ಯಾಡ, ಇದ್ದದ್ದೇ ಮಾಡಮು" ಅಂದರು. ಆಮೇಲೆ ಎಡದ ಲೈಟು ತೋರಿಸಿ, "ಇದು ನೆಳ್ಳಾಗ ನಿಂತದ, ಅದು ಬಿಸಲಾಗ ನಿಂತದ, ಹೌದಿಲ್ರಿ?" ಎಂದು ಕೇಳಿದರು. ನಮ್ಮ ಮನೆ ಮುಂದೆ ಗಾಡಿ ತೆಂಕಣಕ್ಕೆ ಮುಖ ಮಾಡಿ ನಿಲ್ಲುತ್ತದೆ. ಎಡಗಡೆ ಬೇವಿನ ಮರವಿದೆ. ಬಲಗಡೆ ಬಯಲು, ಮಧ್ಯಾಹ್ನದಿಂದ ಮುಳುಗುವ ತನಕ ಬಿಸಿಲು. ಎಡದ ಲೈಟು ಬರೀ ಮಸುಕಾಗಿತ್ತು, ಬಲದ್ದು ಅರಿಶಿನ ಬಣ್ಣಕ್ಕೆ ತಿರುಗಿ ಅಲ್ಲಲ್ಲಿ ಹೊಟ್ಟು ಎದ್ದಿತ್ತು. ಒಂದೇ ಗಾಡಿ, ಒಂದೇ ವಯಸ್ಸು, ಒಂದೇ ದಿನ ಕಾರ್ಖಾನೆಯಿಂದ ಹೊರಬಿದ್ದ ಎರಡು ಲೈಟು. ಬಿಸಿಲು ಏನು ಮಾಡುತ್ತದೆ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಸಿಗಲಾರದು.

ನಾನು ಜೇವರ್ಗಿ ಕಡೆಯ ಹಳ್ಳಿಯೊಂದರ ಸರಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ, ಮನೆ ಕಲಬುರಗಿಯಲ್ಲಿ. ಡಿಸೆಂಬರ್ ಬಂತೆಂದರೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ವಿಶೇಷ ತರಗತಿ ಇರುತ್ತದೆ, ಅದನ್ನು ಮುಗಿಸಿ ಹೊರಡುವ ಹೊತ್ತಿಗೆ ಕತ್ತಲಾಗಿರುತ್ತದೆ. ಅದೇ ದಿನಗಳಲ್ಲಿ ಕಬ್ಬಿನ ಹಂಗಾಮು. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆ ತುಂಬ ಹೊರಟಿರುತ್ತವೆ. ಟ್ರಾಲಿ ಹಿಂದೆ ಕೆಂಪು ದೀಪ ಇರುವುದಿಲ್ಲ. ರಿಫ್ಲೆಕ್ಟರ್ ಪಟ್ಟಿ ಅಂಟಿಸಿದ್ದರೂ ಜೋತುಬಿದ್ದ ಕಬ್ಬಿನ ಸೋಗೆ ಅದನ್ನು ಮುಚ್ಚಿರುತ್ತದೆ. ಹಾಗಾಗಿ ಆ ಟ್ರಾಲಿ ನನಗೆ ಕಾಣಬೇಕಾದರೆ ನನ್ನ ಗಾಡಿಯ ಬೆಳಕು ಅದರ ಮೇಲೆ ಬೀಳಲೇಬೇಕು. ಕಟ್ಟಿಸಂಗಾವಿಯ ಭೀಮಾ ಸೇತುವೆ ದಾಟಿ ಕಲಬುರಗಿ ಕಡೆ ಬರುವಾಗ ಎದುರಿನಿಂದ ಲಾರಿ ಬಂದರೆ ನನ್ನ ಬೆಳಕು ಇದ್ದೂ ಇಲ್ಲದಂತಾಗುತ್ತಿತ್ತು. ಹೈ ಬೀಮ್ ಹಾಕಿದರೆ ರಸ್ತೆ ಬೆಳಗುವ ಬದಲು ನನ್ನ ಮೂತಿಯ ಮುಂದೆ ಹಳದಿ ಗೋಳವೊಂದು ಎದ್ದು ನಿಲ್ಲುತ್ತಿತ್ತು. ಎದುರಿನವರು ಕಣ್ಣು ಕುಕ್ಕುತ್ತದೆಂದು ಡಿಪ್ಪರ್ ಹೊಡೆಯುತ್ತಿದ್ದರು. ನನಗೆ ದಾರಿ ಕಾಣದು, ಅವರಿಗೆ ಕಣ್ಣು ಬಿಡಲಾಗದು.

ಈ ಎರಡೂ ಒಟ್ಟಿಗೆ ಆಗುವುದಕ್ಕೆ ಕಾರಣವಿದೆ. ಹೆಡ್‌ಲೈಟಿನ ರಿಫ್ಲೆಕ್ಟರು ಬೆಳಕನ್ನು ಲೆಕ್ಕ ಹಾಕಿ ರಸ್ತೆಯ ಇಂತಿಷ್ಟೇ ಜಾಗಕ್ಕೆ ಕಳಿಸುತ್ತದೆ. ಮುಂದಿನ ಪ್ಲಾಸ್ಟಿಕ್ ತಿಳಿಯಾಗಿದ್ದರೆ ಬೆಳಕು ಆ ದಾರಿಯಲ್ಲೇ ಹೋಗುತ್ತದೆ. ಅದು ಒರಟಾಗಿದ್ದರೆ ಒಂದಷ್ಟು ಅಲ್ಲೇ ಹೀರಿಹೋಗಿ, ಉಳಿದದ್ದು ದಿಕ್ಕು ತಪ್ಪಿ ಮೇಲೆ, ಪಕ್ಕಕ್ಕೆ, ಎದುರಿನವರ ಕಣ್ಣಿಗೆ ಚೆದುರುತ್ತದೆ. ಅಮೆರಿಕದ ವಾಹನ ಸವಾರರ ಸಂಸ್ಥೆ ಎಎಎ 2018ರಲ್ಲಿ ಇದನ್ನು ಅಳೆದು ನೋಡಿತ್ತು. ಮಬ್ಬಾಗಿ ಹಳದಿಯಾದ ಲೈಟಿನಿಂದ ಹೊಸದರ ಬೆಳಕಿನ ಶೇಕಡ 20ರಷ್ಟು ಮಾತ್ರ ಹೊರಬರಬಹುದು ಎಂದು ಅದರ ವರದಿ. ಸರಿಯಾಗಿ ಉಜ್ಜಿ ದುರಸ್ತಿ ಮಾಡಿದರೆ ಸುಮಾರು 70ರ ತನಕ ಮರಳಿ ಬರುತ್ತದೆ ಎಂದೂ ಅದೇ ವರದಿಯಲ್ಲಿದೆ.

ಚಾಚಾ ಹತ್ತಿರ ಹೋಗುವ ಮೊದಲು ಬೇರೆ ಸಲಹೆಗಳೂ ಬಂದಿದ್ದವು. ಒಬ್ಬ ಮೆಕ್ಯಾನಿಕ್ "ನೂರು ವ್ಯಾಟಿನ ಬಲ್ಬ್ ಹಾಕಿಬಿಡ್ರಿ ಸರ್, ಹಗಲಾಗ್ತದ" ಅಂದರು. ನಮ್ಮ ಗಾಡಿಗೆ ಬರುವುದು ಎಚ್4 ಬಲ್ಬು: ಲೋ ಬೀಮಿಗೆ 55 ವ್ಯಾಟ್, ಹೈ ಬೀಮಿಗೆ 60. ಹೋಲ್ಡರು, ವೈರು ಎಲ್ಲ ಅಷ್ಟಕ್ಕೇ ಮಾಡಿದ್ದು. ನೂರು ವ್ಯಾಟ್ ಹಾಕಿದರೆ ಹೋಲ್ಡರ್ ಸುಟ್ಟು ಕರಗುತ್ತದೆ, ರಿಫ್ಲೆಕ್ಟರಿನ ಬೆಳ್ಳಿ ಕಪ್ಪಾಗುತ್ತದೆ. ಮಬ್ಬಾದ ಪ್ಲಾಸ್ಟಿಕ್ಕಿನ ಹಿಂದೆ ಬಲ್ಬು ದೊಡ್ಡದಾದಷ್ಟೂ ಚೆದುರುವ ಬೆಳಕು ಹೆಚ್ಚುತ್ತದೆ, ಅಂದರೆ ಎದುರಿನವರ ಕಷ್ಟ ಹೆಚ್ಚುತ್ತದೆ. ಹ್ಯಾಲೊಜನ್ ರಿಫ್ಲೆಕ್ಟರಿಗೆ ಸಿಕ್ಕ ಸಿಕ್ಕ ಎಲ್‌ಇಡಿ ತುರುಕಿದರೂ ಅದೇ ಕಥೆ. ರಾತ್ರಿ ರಸ್ತೆಯಲ್ಲಿ ನಾವೊಬ್ಬರೇ ಇರುವುದಿಲ್ಲ, ಎದುರಿಗೆ ಬರುವ ಬೈಕಿನ ಮೇಲೆ ಗಂಡ, ಹೆಂಡತಿ, ಮಧ್ಯೆ ಮಗು ಕೂತಿರುತ್ತದೆ. ಈ ವಿಷಯದಲ್ಲಿ ನನಗೆ ರಾಜಿ ಇಲ್ಲ.

ಟೂತ್‌ಪೇಸ್ಟ್ ಹಚ್ಚಿ ಎಂದವರಂತೂ ಬಹಳ ಮಂದಿ. ಅದು ಪೂರ್ತಿ ಸುಳ್ಳಲ್ಲ. ಪೇಸ್ಟಿನಲ್ಲಿ ಹಲ್ಲು ಉಜ್ಜುವ ನುಣುಪಾದ ಪುಡಿ ಇರುತ್ತದೆ, ಅದು ಮಬ್ಬಿನ ಮೇಲ್ಪದರವನ್ನು ಸ್ವಲ್ಪ ತಿಕ್ಕುತ್ತದೆ, ನಾಲ್ಕು ದಿನ ಬೆಳ್ಳಗೆ ಕಾಣುತ್ತದೆ. ಸೊಳ್ಳೆ ನಿವಾರಕದ ಸ್ಪ್ರೇ ಹೊಡೆಯಿರಿ ಎನ್ನುವುದು ಮಾತ್ರ ಅಪಾಯದ ಸಲಹೆ. ಅಂಥ ಕೆಲವು ಸ್ಪ್ರೇಗಳಲ್ಲಿರುವ ಡೀಟ್ ಎಂಬ ರಾಸಾಯನಿಕ ಪ್ಲಾಸ್ಟಿಕ್ಕಿನ ಮೈಯನ್ನು ಮೆತ್ತಗೆ ಮಾಡುತ್ತದೆ. ಒರೆಸಿದಾಗ ಫಳಫಳ ಎನ್ನುತ್ತದೆ, ಆದರೆ ಕೆಲವೇ ದಿನದಲ್ಲಿ ಮೊದಲಿಗಿಂತ ಹೆಚ್ಚು ಕೆಡುತ್ತದೆ. ಕೊಬ್ಬರಿ ಎಣ್ಣೆ, ಡೀಸೆಲ್ ಒರೆಸಿದರೆ ಗೀರುಗಳಲ್ಲಿ ಎಣ್ಣೆ ತುಂಬಿ ಕ್ಷಣಕ್ಕೆ ತಿಳಿಯಾಗುತ್ತದೆ. ನೀರು ಸುರಿದಾಗ ಆಗುವುದೂ ಇದೇ. ಆಮೇಲೆ ನಮ್ಮೂರ ಕರಿಮಣ್ಣಿನ ಧೂಳೆಲ್ಲ ಬಂದು ಅದಕ್ಕೆ ಅಂಟುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದಾಗ ಹೆಡ್‌ಲೈಟು ಅತಿಯಾಗಿ ಮಿಂಚುತ್ತಿದ್ದರೆ ಬೆರಳಲ್ಲಿ ಒರೆಸಿ ನೋಡುವುದು ಒಳ್ಳೆಯದು.

ಇಷ್ಟಕ್ಕೂ ಅದು ಮಬ್ಬಾಗುವುದು ಏಕೆ? ಅಂಬಾಸಿಡರ್, ಫಿಯಟ್ ಕಾಲದ ಲೈಟಿಗೆ ಗಾಜು ಇರುತ್ತಿತ್ತು. ಕಲ್ಲು ತಾಗಿದರೆ ಒಡೆಯುತ್ತಿತ್ತೇ ಹೊರತು ಹಳದಿಯಾಗುತ್ತಿರಲಿಲ್ಲ. ಈಗಿನದು ಪಾಲಿಕಾರ್ಬೊನೇಟ್. 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಹರ್ಮನ್ ಶ್ನೆಲ್, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಡೇನಿಯಲ್ ಫಾಕ್ಸ್ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಕಂಡುಹಿಡಿದ ಪ್ಲಾಸ್ಟಿಕ್ ಇದು. ಸುತ್ತಿಗೆ ಏಟಿಗೂ ಸುಲಭಕ್ಕೆ ಒಡೆಯದು, ಹಗುರ, ಬೇಕಾದ ಆಕಾರಕ್ಕೆ ಎರಕ ಹೊಯ್ಯಬಹುದು. 1983ರಲ್ಲಿ ಅಮೆರಿಕ ನಿಯಮ ಸಡಿಲಿಸಿದ ಮೇಲೆ ಅಲ್ಲಿ ಹೆಡ್‌ಲೈಟಿಗೆ ಪ್ಲಾಸ್ಟಿಕ್ ಬಂತು, ಮುಂದೆ ಎಲ್ಲ ಕಡೆ ಹರಡಿತು. ಇದರ ದೌರ್ಬಲ್ಯ ಎರಡು. ಮೈ ಮೆತ್ತಗಿರುವುದರಿಂದ ಬೇಗ ಗೀರು ಬೀಳುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಅಣುಗಳ ಕೊಂಡಿ ಕಳಚಿ ಹಳದಿ ಬಣ್ಣದ ಹೊಸ ಸಂಯುಕ್ತಗಳು ಹುಟ್ಟುತ್ತವೆ. ಅದಕ್ಕೇ ಕಾರ್ಖಾನೆಯಲ್ಲಿ ಪ್ರತಿ ಲೈಟಿನ ಮೇಲೂ ಗಟ್ಟಿಯಾದ ತೆಳು ಲೇಪನ ಕೊಟ್ಟಿರುತ್ತಾರೆ. ಕಿರಣವನ್ನು ತಡೆಯುವುದು ಆ ಲೇಪನ. ವರ್ಷಗಟ್ಟಲೆ ಬಿಸಿಲು ತಿಂದು, ಎದುರಿನ ಗಾಳಿಯ ಮರಳು ತಾಗಿ ಅದೂ ಸಾಯುತ್ತದೆ, ಹೊಟ್ಟಾಗಿ ಏಳುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿ ಮಾಮೂಲಾದ ನಮ್ಮೂರಲ್ಲಿ ಬೇಗ ಸಾಯುತ್ತದೆ.

ಚಾಚಾ ಇದನ್ನೆಲ್ಲ ಎರಡು ಮಾತಿನಲ್ಲಿ ಹೇಳಿದರು. "ಮಾಸ್ತರ, ಹೊಳಪು ಬ್ಯಾರೆ, ಕಾಪು ಬ್ಯಾರೆ. ತಿಕ್ಕಿ ಹೊಳಪು ಯಾರು ಬಿ ತರ್ತಾರ. ಕಾಪು ಹಾಕ್ಲಿಲ್ಲಂದ್ರ ಒಂದು ಬ್ಯಾಸಗಿನೂ ತಡೆಯಂಗಿಲ್ಲ." ನಾನು ಈ ಬರಹ ಬರೆಯುತ್ತಿರುವುದೇ ಈ ಮಾತಿಗಾಗಿ. ಉಜ್ಜುವುದೆಂದರೆ ಸತ್ತ ಲೇಪನವನ್ನು ಪೂರ್ತಿ ತೆಗೆಯುವುದು. ತೆಗೆದ ಮೇಲೆ ಪ್ಲಾಸ್ಟಿಕ್ಕು ಬತ್ತಲೆ. ಹಾಗೇ ಬಿಟ್ಟರೆ ಮೊದಲು ಹತ್ತು ವರ್ಷದಲ್ಲಿ ಆದದ್ದು ಈಗ ಕೆಲವೇ ತಿಂಗಳಲ್ಲಿ ಆಗುತ್ತದೆ. ರಸ್ತೆ ಬದಿಯಲ್ಲಿ ಬಫಿಂಗ್ ಮೆಷಿನ್ ಹಿಡಿದು ಹತ್ತು ನಿಮಿಷದಲ್ಲಿ ಹೊಳೆಯಿಸಿ ಕೊಡುವವರು ಕೊಡುವುದು ಹೊಳಪು ಮಾತ್ರ, ಕಾಪಲ್ಲ.

ಫೆಬ್ರುವರಿಯ ಒಂದು ರವಿವಾರ ಬೆಳಿಗ್ಗೆ ಬರಲು ಹೇಳಿದರು. ಕಾಲ ನೋಡಿಯೇ ಹೇಳಿದ್ದು. ಕಾಪಿಗೆ ಹೊಡೆಯುವ ಬಣ್ಣವಿಲ್ಲದ ತಿಳಿ ಲೇಪನಕ್ಕೆ ಕ್ಲಿಯರ್ ಅನ್ನುತ್ತಾರೆ. ಸುಡುಬಿಸಿಲಲ್ಲಿ ಕ್ಲಿಯರ್ ಹೊಡೆದರೆ ಅದು ಪ್ಲಾಸ್ಟಿಕ್ಕಿನ ಮೇಲೆ ಹರಡಿ ಸಮವಾಗುವ ಮೊದಲೇ ಒಣಗಿ ಕಿತ್ತಳೆ ಸಿಪ್ಪೆಯ ಮೈ ಬರುತ್ತದೆ. ಮಳೆಗಾಲದ ತೇವದಲ್ಲಿ ಹೊಡೆದರೆ ಬಿಳಿ ಮಂಕು ಕೂರುತ್ತದೆ. ಚಳಿ ಸರಿದು ಬಿಸಿಲು ಏರದ ಆ ಕೆಲವು ವಾರಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಉಜ್ಜುವುದು ನಾನು, ಕ್ಲಿಯರ್ ಹೊಡೆಯುವುದು ಅವರು ಎಂದು ಮಾತಾಯಿತು. ತಿಕ್ಕಲು ಆಳು ಹಚ್ಚಿದರೆ ಕೂಲಿ ಹೆಚ್ಚು ಎಂಬುದು ಒಂದು ಕಾರಣ. ನನಗೆ ಕಲಿಯಬೇಕಿತ್ತು ಎಂಬುದು ದೊಡ್ಡ ಕಾರಣ.

ಮೊದಲು ಶಾಂಪೂ ಹಾಕಿ ಲೈಟು, ಅದರ ಸುತ್ತಲಿನ ಸಂದುಗಳನ್ನು ತೊಳೆದೆ. ಸಂದಿಯಲ್ಲಿ ಕೂತ ಒಂದೇ ಒಂದು ಮರಳಿನ ಕಣ ಉಜ್ಜುವ ಸ್ಯಾಂಡ್‌ಪೇಪರಿನ ಕೆಳಗೆ ಸಿಕ್ಕರೆ ಸಾಕು, ಉದ್ದಕ್ಕೂ ಆಳವಾದ ಗೀರು ಎಳೆದುಬಿಡುತ್ತದೆ. ಆಮೇಲೆ ಬಾನೆಟ್ಟು, ಬಂಪರು, ಪಕ್ಕದ ಫೆಂಡರು ಮೂರರ ಅಂಚಿಗೂ ಮಾಸ್ಕಿಂಗ್ ಟೇಪ್. ಒಂದು ಸುತ್ತು ಸಾಲದು, ಒಂದರ ಮೇಲೊಂದು ಎರಡು ಸುತ್ತು. ಒದ್ದೆ ಪೇಪರು ಜಾರಿ ಬಣ್ಣಕ್ಕೆ ತಾಗಿದರೆ ಲೈಟಿನ ಜೊತೆ ಬಂಪರಿನ ಖರ್ಚೂ ಬರುತ್ತದೆ. ಟೇಪಿನಾಚೆ ಹಳೇ ಪತ್ರಿಕೆ ಹೊದಿಸಿದೆವು.

ಉಜ್ಜುವ ಪೇಪರನ್ನು ಪೇಂಟ್ ಅಂಗಡಿಯಲ್ಲಿ ವಾಟರ್ ಪೇಪರ್ ಅಂದರೆ ಕೊಡುತ್ತಾರೆ. ಕಪ್ಪಗಿರುತ್ತದೆ, ನೀರಲ್ಲಿ ನೆನೆದರೂ ಹರಿಯುವುದಿಲ್ಲ. ನಂಬರು ಹೆಚ್ಚಿದಷ್ಟೂ ನುಣುಪು. ನಾನು 600, 800, 1000, 1500 ತಂದಿದ್ದೆ. ನಂಬರು ಹಾರಿಸಬಾರದು. 600ರಿಂದ ನೇರ 1500ಕ್ಕೆ ಹೋದರೆ 600ರ ಗೀರುಗಳು ಹಾಗೇ ಉಳಿಯುತ್ತವೆ. ಹೊಟ್ಟು ಏಳದೆ ಬರೀ ಮಸುಕಾದ ಲೈಟಿಗೆ 600 ಬೇಕಾಗುವುದಿಲ್ಲ. ನಮ್ಮ ಎಡದ ಲೈಟಿಗೆ 800ರಿಂದಲೇ ಶುರು ಮಾಡಿದೆ. ಪೇಪರನ್ನು ಕತ್ತರಿಸಿ, ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಎರಡು ಹನಿ ಹಾಕಿದ ನೀರಲ್ಲಿ ಸ್ವಲ್ಪ ಹೊತ್ತು ನೆನೆಹಾಕಿಟ್ಟೆವು. ಬರಿಬೆರಳಿಂದ ಉಜ್ಜಲು ಹೊರಟಾಗ ಚಾಚಾ ಒಂದು ಮೆತ್ತನೆ ರಬ್ಬರ್ ಬ್ಲಾಕ್ ಕೈಗಿಟ್ಟರು. ಬೆರಳ ತುದಿಯ ಒತ್ತಡ ಒಂದೇ ಕಡೆ ಬಿದ್ದು ಅಲ್ಲಿ ತಗ್ಗಾಗುತ್ತದೆ, ರಾತ್ರಿ ಬೆಳಕು ಆ ತಗ್ಗಿನಲ್ಲಿ ತಿರುಚಿಕೊಳ್ಳುತ್ತದೆ.

ಬಲದ ಲೈಟಿಗೆ 600 ಹಿಡಿದು ಅಡ್ಡಡ್ಡ ಉಜ್ಜತೊಡಗಿದೆ. ಮೊದಲ ಕೆಲವು ಎಳೆತದಲ್ಲಿ ಪೇಪರು ತಡೆತಡೆದು ಹೋಗುತ್ತದೆ, ಕರಕರ ಸದ್ದು ಬರುತ್ತದೆ. ಸತ್ತ ಲೇಪನ ಕೈಗೆ ತಿಳಿಯುವುದು ಹಾಗೆ. ಇಳಿಯುವ ನೀರು ಹಳದಿ ಬಣ್ಣದ್ದು. ನೋಡನೋಡುತ್ತ ಮೈಯಲ್ಲಿ ದ್ವೀಪಗಳು ಕಾಣಿಸಿಕೊಂಡವು: ಲೇಪನ ಹೋದ ಕಡೆ ಸಮವಾದ ಮಂಕು, ಇನ್ನೂ ಉಳಿದ ಕಡೆ ಅಂಚು ಕಟ್ಟಿದ ಹೊಳೆಯುವ ತುಂಡು. ಮೂಲೆಯಲ್ಲಿ, ಬಂಪರಿಗೆ ತಾಗಿದ ಕೆಳಗಂಚಿನಲ್ಲಿ ಈ ತುಂಡುಗಳು ಹಟ ಹಿಡಿದು ಕೂತಿರುತ್ತವೆ. ಬಹಳ ಜನ ಇಲ್ಲೇ ಕೈಬಿಡುತ್ತಾರಂತೆ. "ನಡಕ ಸಾಫ್ ಆಯ್ತು ಅಂತ ಬಿಡಬ್ಯಾಡ್ರಿ. ಅಂಚಿನಾಗ ಹಳೀದು ಉಳೀತಂದ್ರ ಕ್ಲಿಯರ್ ಹೊಡದ ಮ್ಯಾಲ ನಕಾಶಿ ಕಾಣ್ತದ ನೋಡ್ರಿ" ಎಂದು ಚಾಚಾ ಪಕ್ಕದ ಗಾಡಿಯ ಬಾಗಿಲಿಗೆ ಪುಟ್ಟಿ ಬಳಿಯುತ್ತಲೇ ಹೇಳಿದರು. ಪೇಪರನ್ನು ಮಡಚಿ ಅಂಚಿಗೆ ತೂರಿಸಿ ತಿಕ್ಕಿದೆ. ಎಷ್ಟೋ ಹೊತ್ತಿನ ಮೇಲೆ ಇಳಿಯುವ ನೀರು ಹಳದಿ ಬಿಟ್ಟು ಮಜ್ಜಿಗೆ ನೀರಿನಂತೆ ಬೆಳ್ಳಗಾಯಿತು, ಪೇಪರೂ ತಡೆಯದೆ ಸಲೀಸಾಗಿ ಜಾರತೊಡಗಿತು. ಹಳೇ ಲೇಪನ ಮುಗಿದು ಪ್ಲಾಸ್ಟಿಕ್ಕಿನ ಮೈ ಸಿಕ್ಕಿದೆ ಎನ್ನುವುದಕ್ಕೆ ಈ ಎರಡೇ ಗುರುತು.

ಮುಂದಿನ ನಂಬರಿಗೆ ಹೋಗುವಾಗ ದಿಕ್ಕು ಬದಲಿಸಬೇಕು. 600 ಅಡ್ಡ, 800 ಉದ್ದ, 1000 ಮತ್ತೆ ಅಡ್ಡ. ಹಾಗೆ ಮಾಡಿದರೆ ಹಿಂದಿನ ಗೀರು ಯಾವುದು, ಈಗಿನದು ಯಾವುದು ಎಂದು ಕಣ್ಣಿಗೆ ಬೇರೆ ಬೇರೆ ಕಾಣುತ್ತದೆ, ಹಿಂದಿನದು ಪೂರ್ತಿ ಅಳಿಯುವ ತನಕ ಬಿಡದೆ ತಿಕ್ಕಬಹುದು. ಪ್ರತಿ ನಂಬರಿಗೂ ನೀರು ಬದಲಿಸಬೇಕು, ಬಕೆಟ್ಟಿನ ತಳಕ್ಕೆ ಕೂತ ಒರಟು ಪುಡಿ ನುಣುಪು ಪೇಪರಿಗೆ ಅಂಟಬಾರದು. ನೀರಿನ ಬಗ್ಗೆ ನಮ್ಮ ಕಡೆಯವರಿಗೆ ಇನ್ನೂ ಒಂದು ಮಾತು. ಬೋರಿನ ನೀರು ಗಡಸು, ಒಣಗಿದಲ್ಲಿ ಬಿಳಿ ಕಲೆ ಬಿಡುತ್ತದೆ. ಉಜ್ಜಲು ಪರವಾಗಿಲ್ಲ, ಆದರೆ ಕೊನೆಯ ತೊಳೆತಕ್ಕೆ ಫಿಲ್ಟರ್ ನೀರು ಒಂದು ಕ್ಯಾನ್ ಇಟ್ಟುಕೊಳ್ಳಿ.

1500 ಮುಗಿದಾಗ ಲೈಟು ತಿಳಿಯಾಗಿರಲಿಲ್ಲ. ಹಳದಿ ಪೂರ್ತಿ ಹೋಗಿತ್ತು, ಆದರೆ ಇಡೀ ಮೈ ಸಮವಾಗಿ ಬೆಳ್ಳಗೆ ಮಂಕಾಗಿತ್ತು. ರಬ್ಬಿಂಗ್ ಕಾಂಪೌಂಡ್ ಹಾಕಿ ಹೊಳಪು ತರುವ ಹಂತ ಇದು ಎಂದು ನಾನು ಓದಿ ತಿಳಿದಿದ್ದೆ, ಡಬ್ಬಿಯೂ ಅಲ್ಲೇ ಇತ್ತು. ಚಾಚಾ ಬೇಡ ಅಂದರು. "ಕಂಪೌಂಡ ಹಚ್ಚಿದ್ರ ಎಣ್ಣಿ ಕುಂದರ್ತದ ಮಾಸ್ತರ, ಕ್ಲಿಯರ್ ಹಿಡಿಯಂಗಿಲ್ಲ, ಆರು ತಿಂಗಳಿಗೆ ಸಿಪ್ಪಿ ಬಿಟ್ಟಂಗ ಬಿಡ್ತದ. ಮಂಕ ಇರ್ಲಿ, ಮಂಕ ಇದ್ರೇ ಅದು ಹಿಡೀತದ." ಲೇಪನ ಹಾಕದೆ ಬರೀ ಹೊಳಪಿಗೇ ನಿಲ್ಲಿಸುವವರು, ಇಲ್ಲವೇ ಬಟ್ಟೆಯಿಂದ ಒರೆಸಿ ಹಚ್ಚುವ ಲೇಪನ ಬಳಸುವವರು 2000, 3000ದ ತನಕ ಹೋಗಿ ಕಾಂಪೌಂಡಿನಿಂದ ತಿಳಿ ಮಾಡಬೇಕು. ಸ್ಪ್ರೇ ಕ್ಲಿಯರ್ ಹೊಡೆಯುವುದಾದರೆ ಆ ಸಣ್ಣ ಗೀರುಗಳೇ ಅದಕ್ಕೆ ಹಿಡಿತ. ಕ್ಲಿಯರ್ ಆ ಗೀರುಗಳನ್ನು ತುಂಬಿಕೊಂಡು ತಾನೇ ನುಣುಪಾದ ಹೊಸ ಮೈಯಾಗುತ್ತದೆ. ಕೆಲಸದ ಅತಿ ಮುಖ್ಯ ಘಟ್ಟದಲ್ಲಿ ಲೈಟು ನೋಡಲು ಹಾಳಾದಂತೆ ಕಾಣುತ್ತದೆ, ಆ ಹೊತ್ತಿನಲ್ಲಿ ಧೈರ್ಯ ಬೇಕು.

ಒರೆಸುವುದಕ್ಕೂ ಕ್ರಮವಿದೆ. ಪೇಂಟ್ ಶೆಡ್ಡಿನಲ್ಲಿ ತಿನ್ನರ್ ಕೈಗೇ ಸಿಗುತ್ತದೆ, ಆದರೆ ಪಾಲಿಕಾರ್ಬೊನೇಟಿಗೆ ತಿನ್ನರ್, ಪೆಟ್ರೋಲ್, ಅಸಿಟೋನ್ ತಾಗಿಸಬಾರದು. ಮೈಯೊಳಗೆ ಕೂದಲೆಳೆಯ ಬಿರುಕು ಹುಟ್ಟುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಸರಿಹೋಗುತ್ತದೆ. ಶಾಲೆಯ ಪ್ರಯೋಗಾಲಯಕ್ಕೆ ಸಾಮಾನು ಕೊಡುವ ಅಂಗಡಿಯಿಂದ ಒಂದು ಬಾಟಲಿ ತಂದಿದ್ದೆ. ನೂಲು ಬಿಡದ ಬಟ್ಟೆಗೆ ಅದನ್ನು ಹಾಕಿ ಒಂದೇ ದಿಕ್ಕಿನಲ್ಲಿ ಒರೆಸಿದೆ. ಆ ಮೇಲೆ ಬರಿಗೈ ಮುಟ್ಟಿಸುವಂತಿಲ್ಲ, ಬೆರಳಿನ ಜಿಡ್ಡು ಸಾಕು ಕ್ಲಿಯರ್ ಅಲ್ಲಿ ಗುಂಡಿ ಬೀಳಲು. ಉಜ್ಜುವಾಗ ಒದ್ದೆಯಾಗಿ ಅಂಚು ಎದ್ದ ಟೇಪನ್ನೆಲ್ಲ ಕಿತ್ತು ಹೊಸದು ಅಂಟಿಸಿದೆವು. ಚಾಚಾ ಶೆಡ್ಡಿನ ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿದರು.

ಅವರು ಬಳಸಿದ್ದು 2ಕೆ ಪಿಯು (ಪಾಲಿಯುರೆಥೇನ್) ಕ್ಲಿಯರ್. ಎರಡು ಡಬ್ಬಿಯದು: ಒಂದು ಕ್ಲಿಯರ್, ಇನ್ನೊಂದು ಹಾರ್ಡನರ್. ಡಬ್ಬಿಯ ಮೇಲೆ ಬರೆದ ಅಳತೆಗೆ ಸರಿಯಾಗಿ ಬೆರೆಸಿದರೆ ಎರಡೂ ಸೇರಿ ರಾಸಾಯನಿಕವಾಗಿ ಗಟ್ಟಿಯಾಗುತ್ತವೆ. ಬೆರೆಸಿದ್ದು ಕೆಲವು ಗಂಟೆಗಳಲ್ಲಿ ಪಾತ್ರೆಯಲ್ಲೇ ಗಡ್ಡೆಯಾಗುವುದರಿಂದ ಬೇಕಾದಷ್ಟೇ ಬೆರೆಸಬೇಕು. ಅತಿನೇರಳೆ ಕಿರಣ ತಡೆಯುವ ಗುಣ ಇದೆಯೆಂದು ಡಬ್ಬಿಯ ಮೇಲೆ ಬರೆದಿದೆಯೇ ಎಂದು ನಾನೇ ಓದಿ ನೋಡಿದೆ. ಅದಿಲ್ಲದ ಕ್ಲಿಯರ್ ಕಾಪಾಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಒಂದೇ ಡಬ್ಬಿಯ ಸಾದಾ ಸ್ಪ್ರೇ ಕ್ಯಾನು ಅಗ್ಗ, ಸುಲಭ. ಆದರೆ ಅದು ಬರೀ ಒಣಗುತ್ತದೆ, ಹೀಗೆ ಗಟ್ಟಿಯಾಗುವುದಿಲ್ಲ, ಪೆಟ್ರೋಲ್ ಹನಿ ಬಿದ್ದರೂ ಮೆತ್ತಗಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಆ ಆವಿ ಉಸಿರಿಗೆ ಹೋದರೆ ದಮ್ಮು ಅಂಟಿಕೊಳ್ಳಬಹುದು, ಒಮ್ಮೆ ಅದರ ಅಲರ್ಜಿ ಬಂತೆಂದರೆ ಮುಂದೆ ಸ್ವಲ್ಪ ತಾಗಿದರೂ ಉಬ್ಬಸ ಬರುತ್ತದೆ. ನಮ್ಮ ಪೇಂಟರುಗಳು ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡೇ ಇಡೀ ಆಯುಷ್ಯ ಕಳೆಯುತ್ತಾರೆ. ಕರವಸ್ತ್ರ, ಸರ್ಜಿಕಲ್ ಮಾಸ್ಕ್ ಎರಡೂ ಆವಿಯನ್ನು ತಡೆಯುವುದಿಲ್ಲ, ಆವಿ ಹೀರುವ ಕಾರ್ಟ್ರಿಡ್ಜ್ ಇರುವ ಮಾಸ್ಕೇ ಬೇಕು. ನಾನು ಎರಡು ಮಾಸ್ಕ್ ತಂದಿದ್ದೆ. ಒಂದನ್ನು ಚಾಚಾ ಹಾಕಿಕೊಳ್ಳುವ ತನಕ ಕೆಲಸ ಶುರು ಮಾಡಬೇಡಿ ಎಂದು ಕೇಳಿಕೊಂಡೆ. "ಇಷ್ಟು ವರ್ಷ ಏನಾಗಿಲ್ಲ ಬಿಡ್ರಿ" ಅಂದವರು ನನ್ನ ಒತ್ತಾಯಕ್ಕೆ ಹಾಕಿಕೊಂಡರು. ಮನೆಯ ಮುಚ್ಚಿದ ಗ್ಯಾರೇಜಿನಲ್ಲಿ, ಮಕ್ಕಳು ಓಡಾಡುವ ಅಂಗಳದಲ್ಲಿ ದಯವಿಟ್ಟು ಇದನ್ನು ಹೊಡೆಯಬೇಡಿ. ಉಜ್ಜುವುದನ್ನು ಮನೆಯಲ್ಲಿ ಮಾಡಿ, ಸ್ಪ್ರೇ ಮಾತ್ರ ತಿಳಿದವರ ಕೈಗೆ ಕೊಡಿ.

ಮೊದಲ ಕೋಟು ಬರೀ ಮಂಜಿನಷ್ಟು ತೆಳು. ಅದು ಅಂಟು ಹಿಡಿಯುವ ತನಕ ಹತ್ತು ನಿಮಿಷದಷ್ಟು ಕಾಯ್ದರು. ಎರಡನೆಯದು ತುಂಬು ಕೋಟು. ಸ್ಪ್ರೇ ಗನ್ನನ್ನು ಲೈಟಿನ ಆಚೆಯಿಂದ ಶುರು ಮಾಡಿ ಈಚೆಗೆ ದಾಟಿಸಿ ನಿಲ್ಲಿಸುತ್ತಾರೆ, ಲೈಟಿನ ಮೇಲೆ ಎಲ್ಲೂ ನಿಲ್ಲಿಸುವುದಿಲ್ಲ, ನಿಂತರೆ ಸೋರುತ್ತದೆ. ಮಣಿಕಟ್ಟು ಅಲುಗುವುದೇ ಇಲ್ಲ, ಇಡೀ ತೋಳು ಸರಿಯುತ್ತದೆ. ಗನ್ನು ಮೊದಲ ಸಲ ದಾಟಿ ಹೋದ ಪಟ್ಟಿಯಲ್ಲಿ ಬಿಳಿ ಮಂಕು ಒಮ್ಮೆಗೇ ಅಳಿದು, ಒಳಗಿನ ಬಲ್ಬಿನ ತುದಿಯ ಕಪ್ಪು ಟೋಪಿ, ರಿಫ್ಲೆಕ್ಟರಿನ ಒಂದೊಂದು ಮುಖ, ಪಕ್ಕದ ಇಂಡಿಕೇಟರಿನ ಕಿತ್ತಳೆ ಬಲ್ಬು ಎಲ್ಲ ಕಂಡವು. ಎರಡನೇ ಪಟ್ಟಿ ಅರ್ಧ ಅದರ ಮೇಲೆ ಏರಿ ಬಂತು. ಮೂರನೆಯದಕ್ಕೆ ಲೈಟು ಪೂರ್ತಿ ತೆರೆದುಕೊಂಡಿತು. ನಾನು ಮಾಸ್ಕಿನೊಳಗೇ "ಚಾಚಾ!" ಎಂದು ಕೂಗಿದೆ. ಅವರು ತಲೆ ಎತ್ತಲಿಲ್ಲ, ಎಡದ ಲೈಟಿಗೆ ಸರಿದರು. ಎರಡಕ್ಕೂ ಇನ್ನೊಂದು ತುಂಬು ಕೋಟು ಬಿತ್ತು.

ಕ್ಲಿಯರ್ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಟೇಪು ಕಿತ್ತರು. ಪೂರ್ತಿ ಒಣಗಿದ ಮೇಲೆ ಕಿತ್ತರೆ ಅಂಚು ಹರಿಯುತ್ತದೆ. ಗಾಡಿ ಆ ರಾತ್ರಿ ಶೆಡ್ಡಿನಲ್ಲೇ ಉಳಿಯಿತು. ಮುಟ್ಟಲು ಮರುದಿನ ಸಾಕು, ಆದರೆ ಒಳಗಿನಿಂದ ಪೂರ್ತಿ ಗಟ್ಟಿಯಾಗಲು ಒಂದು ವಾರ ಹಿಡಿಯುತ್ತದೆ. ಆ ವಾರ ಗಾಡಿ ತೊಳೆಯಬೇಡಿ, ಒರೆಸಬೇಡಿ, ಹಕ್ಕಿ ಹಿಕ್ಕೆ ಬಿದ್ದರೆ ಮಾತ್ರ ಬರೀ ನೀರು ಹಾಕಿ ಇಳಿಸಿ ಎಂದು ಹೇಳಿ ಕಳಿಸಿದರು.

ಬಲದ ಲೈಟಿನ ಮೇಲ್ಭಾಗದಲ್ಲಿ ಕೂದಲೆಳೆಯ ಜಾಳಿಗೆ ಸ್ವಲ್ಪ ಉಳಿದಿದೆ. ಅದು ಪ್ಲಾಸ್ಟಿಕ್ಕಿನ ಒಳಕ್ಕೆ ಇಳಿದ ಬಿರುಕು, ಯಾವ ಪೇಪರಿಗೂ ಹೋಗುವುದಿಲ್ಲ. ಬಿಸಿಲಲ್ಲಿ ಓರೆಯಾಗಿ ನೋಡಿದರೆ ಕಾಣುತ್ತದೆ, ರಾತ್ರಿ ಬೆಳಕಿಗೆ ಅಡ್ಡಿಯಾಗಿಲ್ಲ. ಹೊಸ ಜೋಡಿಗೆ ಕೊಡಬೇಕಾದ ಹಣದಲ್ಲಿ ಸಣ್ಣ ಪಾಲು ಮಾತ್ರ ನನಗೆ ಖರ್ಚಾಯಿತು. ಆದರೂ ಇದನ್ನು ಹೊಸದಕ್ಕೆ ಸಮ ಎಂದು ನಾನು ಹೇಳುವುದಿಲ್ಲ. ಜಾಳಿಗೆ ಇಡೀ ಲೈಟಿಗೆ ಹರಡಿದ್ದರೆ, ಒಳಗೆ ನೀರು ಸೇರಿ ರಿಫ್ಲೆಕ್ಟರಿನ ಬೆಳ್ಳಿ ಎದ್ದಿದ್ದರೆ, ಈ ಶ್ರಮ ಯಾವುದೂ ಬೇಡ, ಲೈಟನ್ನೇ ಬದಲಿಸುವುದು ಒಳ್ಳೆಯದು.

ಲೈಟು ತಿಳಿಯಾದ ಮೇಲೆ ಎಲ್ಲರೂ ಮರೆಯುವ ಕೆಲಸ ಬೀಮ್ ಹೊಂದಿಸುವುದು. ಮಬ್ಬಿದ್ದಾಗ ಬೀಮ್ ಎಲ್ಲಿ ಬೀಳುತ್ತದೆಂದು ಯಾರೂ ನೋಡಿರುವುದಿಲ್ಲ. ಈಗ ಬೆಳಕು ಬಲವಾಗಿದೆ, ಬೀಮ್ ಎತ್ತರದಲ್ಲಿದ್ದರೆ ಎದುರಿನವರಿಗೆ ಮೊದಲಿಗಿಂತ ಹೆಚ್ಚು ತೊಂದರೆ. ಶಾಲೆಯ ಮುಂದಿನ ಸಮನೆಲದಲ್ಲಿ, ಗೋಡೆಗೆ 10 ಮೀಟರ್ ದೂರದಲ್ಲಿ ಗಾಡಿ ನಿಲ್ಲಿಸಿದೆ. ಟೈರಿಗೆ ಸರಿಯಾದ ಗಾಳಿ, ಡ್ರೈವರ್ ಸೀಟಿನಲ್ಲಿ ಒಬ್ಬರು, ಡ್ಯಾಶ್‌ಬೋರ್ಡಿನಲ್ಲಿ ಬೀಮಿನ ಎತ್ತರ ಬದಲಿಸುವ ಲೆವೆಲಿಂಗ್ ತಿರುಗಣೆ ಸೊನ್ನೆಯಲ್ಲಿ. ನೆಲದಿಂದ ಲೈಟಿನ ನಡುವಿನ ಎತ್ತರ ಅಳೆದು ಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಸೀಮೆಸುಣ್ಣದ ಗೆರೆ, ಅದಕ್ಕಿಂತ 10 ಸೆಂಟಿಮೀಟರ್ ಕೆಳಗೆ ಇನ್ನೊಂದು. ಲೋ ಬೀಮಿನ ಬೆಳಕು-ಕತ್ತಲ ಗಡಿ ಕೆಳಗಿನ ಗೆರೆಗೆ ಕೂರಬೇಕು. ನಮ್ಮಲ್ಲಿ ಎಡಗಡೆ ಓಡಿಸುವುದರಿಂದ ಬೀಮು ಎಡಕ್ಕೆ ಮಾತ್ರ ಸ್ವಲ್ಪ ಮೇಲೇರಿರುತ್ತದೆ, ರಸ್ತೆ ಅಂಚಿನಲ್ಲಿ ನಡೆಯುವವರು ಕಾಣಲೆಂದು. ಬಲಗಡೆ ಏರಿರಬಾರದು. ನನ್ನ ಬಲದ ಲೈಟು ಗೆರೆಗಿಂತ ಬಹಳ ಮೇಲಿತ್ತು. ಹಿಂದಿನ ತಿರುಪು ತಿರುಗಿಸಿ ಇಳಿಸಿದೆ. ಹತ್ತನೇ ತರಗತಿಯ ಮಕ್ಕಳು ಸುತ್ತ ನಿಂತಿದ್ದರು, ಬೆಳಕಿನ ಪಾಠದ ಪ್ರತಿಫಲನ-ವಕ್ರೀಭವನ ಆ ಸಂಜೆ ಗೋಡೆಯ ಮೇಲೆಯೇ ಆಯಿತು.

ಆ ವರ್ಷದ ಬೇಸಿಗೆ ದಾಟಿ, ಮಳೆಗಾಲವೂ ಮುಗಿದು, ಮತ್ತೆ ವಿಶೇಷ ತರಗತಿಗಳು ಶುರುವಾಗಿವೆ. ಕ್ಲಿಯರ್ ಹಳದಿಯಾಗಿಲ್ಲ, ಎಲ್ಲೂ ಎದ್ದಿಲ್ಲ. ಗಾಡಿಯನ್ನು ಈಗ ತಿರುಗಿಸಿ, ಮೂತಿ ಕಾಂಪೌಂಡ್ ಗೋಡೆಯ ಕಡೆ ಮಾಡಿ ನಿಲ್ಲಿಸುತ್ತೇನೆ. ಬಟ್ಟೆ ಸೋಪಿನ ಪುಡಿ ಹಾಕಿ ತೊಳೆಯುವುದು ಬಿಟ್ಟಿದ್ದೇನೆ. ಧೂಳಿದ್ದಾಗ ಒಣಬಟ್ಟೆಯಿಂದ ಒರೆಸುವುದಿಲ್ಲ, ಮೊದಲು ನೀರು ಹಾಕುತ್ತೇನೆ. ಆಗಾಗ ಕಾರ್ ವ್ಯಾಕ್ಸ್ ಹಚ್ಚುತ್ತೇನೆ. ಈ ಲೇಪನವೂ ಕಾರ್ಖಾನೆಯದರಷ್ಟು ಬಾಳುವುದಿಲ್ಲ, ಅದು ಗೊತ್ತಿದೆ. ಎಂದಾದರೂ ಮಸುಕಾಗತೊಡಗಿದರೆ ಪ್ಲಾಸ್ಟಿಕ್ಕಿನ ತನಕ ಹಳದಿ ಇಳಿಯುವ ಮೊದಲೇ ಉಜ್ಜಿ ಹೊಸ ಕೋಟು ಕೊಡಿಸಬೇಕು, ಆಗ ಕೆಲಸವೂ ಅರ್ಧ. ಮೊನ್ನೆ ಮುಂದಿನ ಶಾಕ್ ಅಬ್ಸಾರ್ಬರ್ ಬದಲಿಸಿದ್ದೇನೆ, ಗಾಡಿಯ ಮೂತಿ ಸ್ವಲ್ಪ ಎದ್ದಿದೆ. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬುವ ಮೊದಲು ಬೀಮನ್ನು ಮತ್ತೆ ಗೋಡೆಗೆ ಬಿಟ್ಟು ಇಳಿಸಬೇಕಾಗಿದೆ.